ಲಿಂಬೆ ಎಣ್ಣೆಯ ಆಯಸ್ಸು

ಶೈತ್ಯಾಗಾರ ಸಿಗದಿದ್ದರೆ ಒಣದ್ರಾಕ್ಷಿ ಬಣ್ಣಗೆಡುವುದು ತಿಕೋಟಾ, ಬಬಲೇಶ್ವರದ ಬೆಳೆಗಾರರಿಗೆ ಗೊತ್ತು. ಇದೇ ವಿಜಯಪುರ ಜಿಲ್ಲೆಯ, ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಇಂಡಿ ಲಿಂಬೆಯ ಸಿಪ್ಪೆಯಲ್ಲಿರುವ ಸುಗಂಧ ತೈಲ ಇನ್ನೂ ಸೂಕ್ಷ್ಮ.

ಅದರ ಮುಖ್ಯ ಘಟಕ ಲಿಮೊನೀನ್. ಗಾಳಿ, ಬೆಳಕು, ಶಾಖ ತಗುಲುತ್ತ ದಿನ ಕಳೆದಂತೆ ಇದು ಉತ್ಕರ್ಷಣಗೊಂಡು ಹೈಡ್ರೊಪೆರಾಕ್ಸೈಡ್, ಕಾರ್ವೋನ್‌ಗಳಾಗಿ ಬದಲಾಗುತ್ತದೆ. ಆಗ ಪರಿಮಳ, ಔಷಧೀಯ ಗುಣ ಕುಗ್ಗುತ್ತವೆ. ಹೈಡ್ರೊಪೆರಾಕ್ಸೈಡ್‌ನಿಂದ ಚರ್ಮಕ್ಕೆ ಅಲರ್ಜಿಯೂ ಆದೀತು. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ವಿಜಯಪುರ ನಗರದಲ್ಲಿ ಅರ್ಧ ಖಾಲಿಯಾದ ಬಾಟಲಿಯನ್ನು ಕಿಟಕಿಯಲ್ಲಿಡುವುದು ದೊಡ್ಡ ತಪ್ಪು. ಕಂದು ಗಾಜು, ಬಿಗಿ ಮುಚ್ಚಳ, ತಂಪಾದ ಕತ್ತಲೆ ಜಾಗ ಬೇಕು.

ಮೈಸೂರು ಸಂಸ್ಥಾನ 1916ರಲ್ಲಿ ಭಟ್ಟಿ ಇಳಿಸತೊಡಗಿದ ಶ್ರೀಗಂಧದೆಣ್ಣೆಯ ಗುಣವೇ ಬೇರೆ. ಅದರ ಸ್ಯಾಂಟಲಾಲ್ ಸುಲಭವಾಗಿ ಆವಿಯಾಗದು. ಸರಿಯಾಗಿಟ್ಟರೆ ವರ್ಷಗಟ್ಟಲೆ ಬಾಳುತ್ತದೆ.