ಪ್ರಕಾಶನದ ಹೆಸರು ಮತ್ತು ತಂತ್ರಾಂಶ ಗ್ರಂಥಗಳ ಓದುಗ

ಗ್ರಂಥವೊಂದನ್ನು ಕೈಗೆತ್ತಿಕೊಳ್ಳುವ ಓದುಗನು ಅದರೊಳಗಿನ ವಿಷಯವನ್ನು ಅರಿಯುವ ಮುನ್ನವೇ ಪ್ರಕಾಶನದ ಹೆಸರನ್ನು ನಂಬಿರುತ್ತಾನೆ. ಈ ನಂಬಿಕೆಯು ಸಾಹಿತ್ಯಕೃತಿಯ ಓದಿನಲ್ಲಿ ಒಂದು ಬಗೆಯಾಗಿಯೂ ಶಾಸ್ತ್ರಗ್ರಂಥದ, ಅದರಲ್ಲೂ ತಂತ್ರಾಂಶ ರಚನೆಯನ್ನು ಕಲಿಸುವ ಗ್ರಂಥದ ಓದಿನಲ್ಲಿ ಇನ್ನೊಂದು ಬಗೆಯಾಗಿಯೂ ಕೆಲಸ ಮಾಡುತ್ತದೆ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಓದುಗನಿಗೆ ಇವೆರಡೂ ಪರಿಚಿತ.

ಈ ಸೀಮೆಗೆ ಪುಸ್ತಕದ ದಾರಿ ಬಹುಕಾಲದಿಂದ ಧಾರವಾಡದ್ದು. ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ ಹುಟ್ಟಿದ ಶಂಬಾ ಜೋಶಿಯವರು ನೆಲೆನಿಂತು ಬರೆದದ್ದು ಧಾರವಾಡದಲ್ಲಿಯೇ. ಅಲ್ಲಿ 1933ರಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರನ್ನು ನೆಚ್ಚಿ ಬೆಳೆದ ಸಂಸ್ಥೆ. ಚಂದಾದಾರನು ಹಣ ಕೊಡುವಾಗ ಬರಲಿರುವ ಪುಸ್ತಕ ಯಾವುದೆಂದು ನೋಡಿರುವುದಿಲ್ಲ. ಅವನು ನೆಚ್ಚುವುದು ಮಾಲೆಯ ಹೆಸರನ್ನು. 1961ರಲ್ಲಿ ಗಿರೀಶ ಕಾರ್ನಾಡರ ‘ಯಯಾತಿ’ ಈ ಮಾಲೆಯಿಂದ ಹೊರಬಂದಾಗ ಅದರ ಕರ್ತೃ ಕನ್ನಡ ಓದುಗರಿಗೆ ಹೊಸಬ. ಹೊಸಬನ ಕೃತಿಗೆ ಓದುಗರು ದೊರೆತುದರಲ್ಲಿ ಮಾಲೆಯ ಹೆಸರಿನ ಪಾಲು ದೊಡ್ಡದು. ಆ ಹೆಸರಿನ ಹಿಂದೆ ಸಲಹೆಗಾರರಾಗಿದ್ದ ಕೀರ್ತಿನಾಥ ಕುರ್ತಕೋಟಿಯವರ ವಿಮರ್ಶಾಪ್ರಜ್ಞೆಯೂ ಇತ್ತು. ಆದರೂ ನಾಟಕವು ಓದುಗನಿಗೆ ಹಿಡಿಸದಿದ್ದರೆ ‘ಇದು ನನಗೆ ಸೇರಲಿಲ್ಲ’ ಎನ್ನುವ ಸ್ವಾತಂತ್ರ್ಯ ಅವನಿಗೆ ಉಳಿದೇ ಇತ್ತು. ಪ್ರಕಾಶನದ ಕೀರ್ತಿ ಓದುಗನ ರುಚಿಯನ್ನು ಕಸಿದುಕೊಳ್ಳಲಿಲ್ಲ.

ತಂತ್ರಾಂಶ ಗ್ರಂಥದ ಓದುಗನಿಗೆ ಈ ಸ್ವಾತಂತ್ರ್ಯ ಇಲ್ಲ. ಅವನಿಗೆ ಬೇಕಾದುದು ರುಚಿಯಲ್ಲ, ಸರಿತನ. ಸರಿಯೋ ತಪ್ಪೋ ಎಂದು ಅಳೆಯಲು ಬೇಕಾದ ಅರಿವನ್ನು ಅವನು ಆ ಪುಸ್ತಕದಿಂದಲೇ ಪಡೆಯಬೇಕು. ಆದುದರಿಂದ ಹೆಸರೇ ಆಧಾರವಾಗುತ್ತದೆ. ಈ ತಾಲೂಕುಗಳ ಪದವಿ ಕಾಲೇಜುಗಳು ಮೊದಲು ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದು, 2010ರಲ್ಲಿ ಸ್ಥಾಪಿತವಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಬಂದವು. ಎಂಜಿನಿಯರಿಂಗ್ ವಿದ್ಯಾರ್ಥಿಗಳ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 1998ರಿಂದ ಬೆಳಗಾವಿಯಲ್ಲಿಯೇ ಇದೆ. ಅದರ ಪಠ್ಯಕ್ರಮದಲ್ಲಿ ಪುಸ್ತಕದ ಹೆಸರಿನೊಡನೆ ಲೇಖಕ, ಪ್ರಕಾಶಕ, ಆವೃತ್ತಿಗಳನ್ನೂ ಅಚ್ಚುಮಾಡುವ ರೂಢಿಯಿದೆ. ಬಾಲಗುರುಸ್ವಾಮಿಯವರ ಸಿ ಭಾಷೆಯ ಪುಸ್ತಕದೊಂದಿಗೆ ಟಾಟಾ ಮೆಕ್‌ಗ್ರಾ-ಹಿಲ್, ಯಶವಂತ ಕಾನೇಟ್ಕರರ ‘ಲೆಟ್ ಅಸ್ ಸಿ’ಯೊಂದಿಗೆ ಬಿಪಿಬಿ, ಕರ್ನಿಘನ್ ಮತ್ತು ರಿಚಿಯವರ ಗ್ರಂಥದೊಂದಿಗೆ ಪ್ರೆಂಟಿಸ್-ಹಾಲ್ ಎಂಬ ಹೆಸರುಗಳು ಹೀಗೆ ವಿದ್ಯಾರ್ಥಿಯ ನೆನಪಿಗೆ ಅಂಟಿಕೊಳ್ಳುತ್ತವೆ. ಟಾಟಾ ಸಂಸ್ಥೆಯೊಡನೆ ಮೆಕ್‌ಗ್ರಾ-ಹಿಲ್ಲಿನ ಪಾಲುದಾರಿಕೆ 2013ರಲ್ಲಿ ಮುಗಿಯಿತು; ಹಳೆಯ ಪ್ರತಿಗಳ ಬೆನ್ನಿನ ಮೇಲೆ ಆ ಹೆಸರು ಇನ್ನೂ ಇದೆ.

ಹಳೆಯ ಪ್ರತಿಗಳ ಮಾತು ಇಲ್ಲಿ ಮುಖ್ಯ. ಕೀರ್ತಿ ಹೆಸರಿಗೆ ಅಂಟುತ್ತದೆ, ಆವೃತ್ತಿಗೆ ಅಂಟುವುದಿಲ್ಲ. ಟರ್ಬೊ ಸಿ ಕಂಪೈಲರನ್ನು ನೆಚ್ಚಿ ಬರೆದ ಪುಸ್ತಕದಲ್ಲಿ ಪೂರ್ಣಾಂಕಕ್ಕೆ ಎರಡು ಬೈಟ್‌ಗಳ ಜಾಗ. 32767ಕ್ಕೆ ಒಂದನ್ನು ಕೂಡಿಸಿ ಅಂಥ ಚರಾಕ್ಷರದಲ್ಲಿಟ್ಟರೆ ಋಣ 32768 ಬರುತ್ತದೆಂದು ಅದು ಕಲಿಸುತ್ತದೆ. ಲಿನಕ್ಸ್ ಗಣಕದ ಜಿಸಿಸಿಯಲ್ಲಿ ಪೂರ್ಣಾಂಕಕ್ಕೆ ಸಾಮಾನ್ಯವಾಗಿ ನಾಲ್ಕು ಬೈಟ್. ಉತ್ತರ ಧನ 32768. ಪರದೆಯನ್ನು ಒರೆಸುವ ‘ಕ್ಲಿಯರ್‌ಸ್ಕ್ರೀನ್’ ಆದೇಶವನ್ನು ಪುಸ್ತಕದಲ್ಲಿದ್ದಂತೆಯೇ ಬರೆದರೆ ಅಲ್ಲಿ ಪ್ರೋಗ್ರಾಮು ಕಂಪೈಲೇ ಆಗದು. ಪುಸ್ತಕ ಬರೆದ ಕಾಲಕ್ಕೆ ಅದು ತಪ್ಪಲ್ಲ, ಓದುವ ಕಾಲಕ್ಕೆ ತಪ್ಪು. ಅಣ್ಣನಿಂದ ತಮ್ಮನಿಗೆ, ಹಿರಿಯ ವಿದ್ಯಾರ್ಥಿಯಿಂದ ಕಿರಿಯನಿಗೆ ದಾಟಿಬರುವ ಪುಸ್ತಕದಲ್ಲಿ ಈ ಅಂತರ ಕಣ್ಣಿಗೆ ಬೀಳುವುದು ಕಷ್ಟ.

ಇಂಥ ಸಂದರ್ಭದಲ್ಲಿ ಓದುಗನು ಯಾರನ್ನು ದೂರುತ್ತಾನೆ? ಹೆಸರಾಂತ ಪ್ರಕಾಶನದ ಇಂಗ್ಲಿಷ್ ಪುಸ್ತಕ ತಪ್ಪಿರಲಾರದು; ತಪ್ಪು ತನ್ನದೇ, ತನ್ನ ಇಂಗ್ಲಿಷು ಸಾಲದು ಎಂದು ಅವನು ಬಗೆಯುತ್ತಾನೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿಬಂದ ಮುರಗೋಡಿನ ಅಥವಾ ದೊಡವಾಡದ ಹುಡುಗಿಗೆ ಈ ತೀರ್ಮಾನ ಸುಲಭವಾಗಿ ಹೊಳೆಯುತ್ತದೆ. ಅದೇ ತಪ್ಪು ಕನ್ನಡ ಪುಸ್ತಕದಲ್ಲಿ ಸಿಕ್ಕರೆ ತೀರ್ಮಾನ ತಿರುಗುಮುರುಗಾಗುತ್ತದೆ: ಕನ್ನಡದಲ್ಲಿ ಈ ವಿಷಯ ಬರದು ಎನ್ನಲಾಗುತ್ತದೆ. ಒಂದೆಡೆ ಓದುಗ, ಇನ್ನೊಂದೆಡೆ ಭಾಷೆ ಅಪರಾಧಿ. ಎರಡೂ ಕಡೆ ಪುಸ್ತಕ ಪಾರಾಗುತ್ತದೆ. ಪ್ರಕಾಶನದ ಕೀರ್ತಿಯನ್ನು ಕುರಿತ ಚರ್ಚೆಯಲ್ಲಿ ಕನ್ನಡ ವಿಭಾಗಗಳಿಗೆ ಸಂಬಂಧಿಸಿದ ಭಾಗ ಇದು.

ಕನ್ನಡದಲ್ಲಿ ವಿಜ್ಞಾನ ಪ್ರಕಟನೆಗೆ ಹೆಸರಿಲ್ಲವೆಂದಲ್ಲ. ಮೈಸೂರು ವಿಶ್ವವಿದ್ಯಾಲಯದ ವಿಶ್ವಕೋಶ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು, ನವಕರ್ನಾಟಕ ಇವೆಲ್ಲ ವಿಶ್ವಾಸ ಗಳಿಸಿದ ಹೆಸರುಗಳೇ. ಆದರೆ ಇವುಗಳ ಓದುಗ ವಿಷಯವನ್ನು ತಿಳಿಯಬಯಸುವವನು, ಪ್ರೋಗ್ರಾಮನ್ನು ಬರೆದು ನಡೆಸಿ ನೋಡುವವನಲ್ಲ. ನಡೆಸಿ ನೋಡುವವನಿಗೆ ಪುಸ್ತಕದ ಪ್ರತಿ ಸಾಲೂ ಪರೀಕ್ಷಿತವಾಗಿರಬೇಕು, ಪರಿಭಾಷೆಯೂ ಒಂದೇ ಆಗಿರಬೇಕು. ಒಂದು ಪುಟದಲ್ಲಿ ‘ಚರಾಕ್ಷರ’, ಮುಂದಿನ ಪುಟದಲ್ಲಿ ‘ವೇರಿಯಬಲ್’ ಎಂದರೆ ಅವು ಎರಡು ವಸ್ತುಗಳೆಂದು ಕಲಿಯುವವನು ಭಾವಿಸಿಯಾನು.

ಕೀರ್ತಿಯನ್ನು ಗಳಿಸುವ ಇನ್ನೊಂದು ದಾರಿಯೂ ಇದೆ. ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಗ್ರಂಥಮಾಲೆಯ ಮೊದಲ ಸಂಪುಟವನ್ನು 1968ರಲ್ಲಿ ಹೊರತಂದ ಡೊನಾಲ್ಡ್ ನೂತ್ ಅವರು, ತಪ್ಪು ತೋರಿಸಿದ ಓದುಗನಿಗೆ 2.56 ಡಾಲರಿನ ಚೆಕ್ಕು ಕಳಿಸುತ್ತಿದ್ದ ಪದ್ಧತಿಗೆ ಹೆಸರಾದವರು. ಮುಖಪುಟದ ಪ್ರಾಣಿಚಿತ್ರಗಳಿಂದ ಗುರುತು ಸಿಗುವ ಓರೈಲಿ ಪ್ರಕಾಶನವು ಓದುಗರು ಕಂಡ ತಪ್ಪುಗಳ ಪಟ್ಟಿಯನ್ನು ಬಹಿರಂಗಪಡಿಸುತ್ತದೆ. ಇಲ್ಲಿ ಹೆಸರು ಬೆಳೆದದ್ದು ತಪ್ಪನ್ನು ಒಪ್ಪಿಕೊಂಡು. ಕನ್ನಡಕ್ಕೆ ಇದು ಹೊಸದೇನಲ್ಲ. ಹಳೆಯ ಕನ್ನಡ ಪುಸ್ತಕಗಳ ಕೊನೆಯಲ್ಲಿ ‘ತಪ್ಪು–ಒಪ್ಪು’ ಎಂಬ ಪುಟವೊಂದು ಇರುತ್ತಿತ್ತು. ಗ್ರಂಥಸಂಪಾದನೆಯಲ್ಲಿ ಪಳಗಿದ ಕನ್ನಡ ವಿದ್ವಾಂಸರಿಗೆ ಆ ಪುಟದ ಬೆಲೆ ಗೊತ್ತು. ಪ್ರತಿಗಳನ್ನು ಹೋಲಿಸಿ ಪಾಠವನ್ನು ನಿರ್ಣಯಿಸುವ ಅವರ ಶಿಸ್ತು ಆವೃತ್ತಿಗಳನ್ನು ಹೋಲಿಸುವುದಕ್ಕೂ ಸಲ್ಲುತ್ತದೆ.

2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಬೋಧನೆಗೆ ಅನುಮತಿಯಿತ್ತು, ಪಠ್ಯಗಳನ್ನೂ ಸಿದ್ಧಪಡಿಸತೊಡಗಿತು. ಇವುಗಳ ಬೆನ್ನಿಗಿರುವುದು ಅಧಿಕಾರದ ಮುದ್ರೆ. ಚಂದಾದಾರನು ಮನೋಹರ ಗ್ರಂಥಮಾಲೆಗೆ ಕೊಟ್ಟಂತಹ ನೆಚ್ಚಿಗೆ ಅವಕ್ಕೆ ಇನ್ನೂ ದೊರೆಯಬೇಕಾಗಿದೆ. ‘ತಪ್ಪು–ಒಪ್ಪು’ ಪುಟವನ್ನು ಅವುಗಳಿಗೆ ಯಾರು ಬರೆಯುತ್ತಾರೆ, ಎಷ್ಟು ಬೇಗ ಬರೆಯುತ್ತಾರೆ ಎಂಬುದರ ಮೇಲೆ ಬಹುಪಾಲು ಅದು ನಿಂತಿದೆ.