ಆಪ್ಷನ್ ತುಂಬುವ ಮುಂಚೆ ಒಂದ್ಸಲ ಹೋಗಿ ಬಾ

ನ್ಯೂಟೌನ್, ಭದ್ರಾವತಿ

ಸಹನಾ ಪುಟ್ಟಿಗೆ ಅಜ್ಜನ ಆಶೀರ್ವಾದಗಳು.

ಅಜ್ಜಿಯ ಮಂಡಿನೋವು ಸ್ವಲ್ಪ ಕಡಿಮೆಯಾಗಿದೆ. ಮೊನ್ನೆ ಫೋನಿನಲ್ಲಿ ಹದಿನಾಲ್ಕು ಎಂಜಿನಿಯರಿಂಗ್ ಕಾಲೇಜಿನ ಹೆಸರು ಒಂದೇ ಉಸಿರಿಗೆ ಓದಿದೆಯಲ್ಲ, ಇದರಲ್ಲಿ ಯಾವುದನ್ನು ನೋಡಿದ್ದೀಯೇ ಅಂತ ಕೇಳಿದ್ದಕ್ಕೆ 'ಎಲ್ಲದರ ವಿಡಿಯೊ ನೋಡಿದೀನಿ ಅಜ್ಜ' ಅಂದುಬಿಟ್ಟೆ. ಆವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ಫೋನಿನಲ್ಲಿ ಹೇಳಹೋದರೆ ನನ್ನ ಮಾತು ಅರ್ಧಕ್ಕೇ ನಿಲ್ಲುತ್ತೆ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನನಗೆ ಇಂಥ ಯೋಚನೆಯೇ ಇರಲಿಲ್ಲ. 1969ರಲ್ಲಿ ಬಿ.ಎಸ್ಸಿ. ಅಂದರೆ ನಮಗೆ ಶಿವಮೊಗ್ಗದ ಸಹ್ಯಾದ್ರಿ ಕಾಲೇಜು. ಆಗ ಅದು ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಈಗಿನ ಕುವೆಂಪು ವಿಶ್ವವಿದ್ಯಾಲಯ ಶಂಕರಘಟ್ಟಕ್ಕೆ ಬಂದದ್ದು ಆಮೇಲೆ, ಅದು ಹುಟ್ಟಿದ್ದೇ 1987ರಲ್ಲಿ. ನಮ್ಮಪ್ಪ ಕಬ್ಬಿಣದ ಕಾರ್ಖಾನೆಯ ಪಾಳಿ ಮುಗಿಸಿ ಬಂದು, ಮಸಿಬಟ್ಟೆಯಲ್ಲೇ ನನ್ನನ್ನು ಬಸ್ಸು ಹತ್ತಿಸಿ, 'ಸಂಜೆ ಮನೆಗೆ ಬಂದು ಉಣ್ಣುವಷ್ಟು ದೂರದಲ್ಲಿ ಕಾಲೇಜಿದೆಯಲ್ಲ, ಅಷ್ಟು ಸಾಕು' ಅಂದಿದ್ದರು. ಮೂರು ವರ್ಷ ಹಾಗೇ ಓಡಾಡಿದೆ.

ಆಮೇಲೆ ಅದೇ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಕೆಮ್ಮಣ್ಣುಗುಂಡಿಯ ಅದಿರೇ ಇರಲಿ, ಕುಲುಮೆಯಿಂದ ಇಳಿದ ಲೋಹವೇ ಇರಲಿ, ಸ್ಯಾಂಪಲ್ ಮೇಜಿಗೆ ಬಂದು, ಅದರಲ್ಲಿ ಗಂಧಕ ಎಷ್ಟು, ಇಂಗಾಲ ಎಷ್ಟು ಅಂತ ನೋಡುವವರೆಗೆ ನಾವು ಯಾವ ಚೀಟಿಗೂ ಸಹಿ ಹಾಕುತ್ತಿರಲಿಲ್ಲ. ಮೇಲಿನವರು ಅವಸರ ಮಾಡಿದರೂ ಇಲ್ಲ. ಅಷ್ಟು ಕಟ್ಟುನಿಟ್ಟಿನ ಮನುಷ್ಯ ನಿನ್ನಪ್ಪನ ವಿಷಯದಲ್ಲಿ ಏನು ಮಾಡಿದೆ ಗೊತ್ತೇ?

1997ರಲ್ಲಿ ಅವನ ಸಿಇಟಿ ಕೌನ್ಸೆಲಿಂಗಿಗೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋದೆವು. ಈಗಿನ ಹಾಗೆ ಮನೆಯಲ್ಲಿ ಕೂತು ಯೋಚಿಸಿ ತುಂಬುವುದಲ್ಲ. ರ‍್ಯಾಂಕಿನ ಪ್ರಕಾರ ಕರೆಯುತ್ತಿದ್ದರು, ಪರದೆಯ ಮೇಲೆ ಉಳಿದ ಸೀಟು ಕಾಣುತ್ತಿತ್ತು, ನೋಡನೋಡುತ್ತ ಖಾಲಿಯಾಗುತ್ತಿತ್ತು. ನನ್ನ ಜೇಬಿನಲ್ಲಿ ಒಂದು ಕಾಲೇಜಿನ ಬಣ್ಣದ ಪುಸ್ತಿಕೆ ಇತ್ತು, ಮುಖಪುಟದಲ್ಲಿ ಕಾರಂಜಿ. ನಿನ್ನಪ್ಪ 'ಶಿವಮೊಗ್ಗದಲ್ಲೇ ನೋಡೋಣಪ್ಪ' ಅಂತ ಮೆಲ್ಲಗೆ ಅಂದ. ನಾನು ಅದೇ ಕಾಲೇಜು ಬರೆಸಿದೆ. ಅವನು ಮೂರನೇ ವರ್ಷದಲ್ಲಿರುವಾಗ ಒಮ್ಮೆ ಹಾಸ್ಟೆಲಿಗೆ ಹೋದೆ. ಅವನ ಲ್ಯಾಬನ್ನೂ ನೋಡಿದೆ. ಮೂವತ್ತು ಹುಡುಗರಿಗೆ ಕೆಲಸ ಮಾಡುವ ಆಸಿಲೋಸ್ಕೋಪು ಒಂದೇ ಒಂದು. ಉಳಿದವುಗಳ ಮೇಲೆ ಬಟ್ಟೆ ಹೊದಿಸಿತ್ತು. ಎತ್ತಿ ನೋಡಿದರೆ ಬೆರಳಿಗೆ ಧೂಳು. 'ಯಾಕೋ ಹೇಳಲಿಲ್ಲ?' ಅಂದರೆ 'ನೀವೇ ಆರಿಸಿದ್ದಲ್ವಾ ಅಪ್ಪ, ನಿಮಗೆ ಬೇಜಾರಾಗುತ್ತೆ ಅಂತ' ಅಂದ. ತಪ್ಪು ನನ್ನದೇ. ಅವನಿಗೆ ಅದನ್ನು ಬಾಯಿಬಿಟ್ಟು ಹೇಳಲು ನನಗೆ ಹತ್ತು ವರ್ಷ ಹಿಡಿಯಿತು.

ಅದಕ್ಕೇ ಕೇಳಿಕೊಳ್ಳುವುದಿಷ್ಟೇ ಮಗಳೇ, ಕಾಲಿಟ್ಟು ನೋಡದ ಕಾಲೇಜನ್ನು ಆಪ್ಷನ್ ಪಟ್ಟಿಯಲ್ಲಿ ಮೇಲೆ ಬರೆಯಬೇಡ. ನಿನ್ನ ರ‍್ಯಾಂಕಿಗೆ ಸಿಗುವುದರಲ್ಲಿ ಪಟ್ಟಿಯ ಮೇಲೆ ಯಾವುದಿದೆಯೋ ಅದನ್ನೇ ಕಂಪ್ಯೂಟರು ಕೊಡುತ್ತೆ. ಸಿಕ್ಕ ಸೀಟು ಇಟ್ಟುಕೊಂಡೇ ಎರಡನೇ ಚಾಯ್ಸ್ ಒತ್ತಿ ಮುಂದಿನ ಸುತ್ತಿಗೆ ಹೋದಾಗ ಮೇಲಿನದು ಸಿಕ್ಕಿತೋ, ಕೈಯಲ್ಲಿದ್ದದ್ದು ಹೋಯಿತು. ಹಾಗಾಗಿ ಸೇರಲು ಮನಸ್ಸಿಲ್ಲದ ಕಾಲೇಜನ್ನು ಬರೆಯಲೇಬಾರದು. ಹೋದ ವರ್ಷದ ಕಟ್‌ಆಫ್ ರ‍್ಯಾಂಕುಗಳನ್ನು ಪರೀಕ್ಷಾ ಪ್ರಾಧಿಕಾರದವರೇ ಹಾಕಿರುತ್ತಾರೆ. ಅದನ್ನಿಟ್ಟುಕೊಂಡು ಹದಿನಾಲ್ಕನ್ನು ಐದಾರಕ್ಕೆ ಇಳಿಸು. ನ್ಯಾಕ್ ಮಾನ್ಯತೆ ಇಡೀ ಕಾಲೇಜಿನದು, ಎನ್‌ಬಿಎ ಮಾನ್ಯತೆ ಒಂದೊಂದು ಕೋರ್ಸಿನದು. ನಿನಗೆ ಬೇಕಾದ ಬ್ರಾಂಚಿಗೆ ಅದು ಇದೆಯೇ ಅಂತ ಕೇಳು.

ನಿಮ್ಮ ಶಿವಮೊಗ್ಗದವುಗಳಿಂದಲೇ ಶುರುಮಾಡು. ಸವಳಂಗ ರಸ್ತೆಯಲ್ಲಿ ಎಷ್ಟು ಸಲ ಓಡಾಡಿದ್ದೀಯ, ನವುಲೆಯ ಜೆಎನ್‌ಎನ್‌ಸಿಇ ಒಳಗೆ ಒಮ್ಮೆಯಾದರೂ ಹೋಗಿದ್ದೀಯಾ? 1980ರಿಂದ ಅಲ್ಲೇ ಇದೆ. ಸಾಗರ ರಸ್ತೆಯ ಪಿಇಎಸ್ 2007ರದು. ಎರಡಕ್ಕೂ ಹೋಗು. ಅದೇ ಕಣ್ಣಲ್ಲಿ ಬೆಂಗಳೂರಿನವನ್ನೂ ನೋಡು, ಹತ್ತಿರದ್ದೇ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಸಮಾರಂಭದ ದಿನ ಬೇಡ, ತರಗತಿ ನಡೆಯುವ ಮಾಮೂಲಿ ದಿನ ಹೋಗು. ಆಫೀಸಿನಲ್ಲಿ ಶುಲ್ಕದ ವಿವರ ಬರೆಸಿಕೊಂಡ ಮೇಲೆ ಅಲ್ಲೇ ಕೂರಬೇಡ. ಮೂರನೇ ವರ್ಷದ ಹುಡುಗಿಯರು ಕ್ಯಾಂಟೀನಿನಲ್ಲಿ ಸಿಗುತ್ತಾರೆ. ಹೋದ ಸೆಮಿಸ್ಟರಿನಲ್ಲಿ ಒಂದು ವಿಷಯಕ್ಕೆ ಎಷ್ಟು ಜನ ಮೇಷ್ಟ್ರು ಬದಲಾದರು, ಲ್ಯಾಬಿನಲ್ಲಿ ಒಂದು ಯಂತ್ರಕ್ಕೆ ಎಷ್ಟು ಜನ, ಹಾಸ್ಟೆಲಿನ ನೀರು ಹೇಗೆ ಅಂತ ಅವರನ್ನು ಕೇಳು. ಲೈಬ್ರರಿಗೆ ಬಿಟ್ಟರೆ ನಿನ್ನ ಬ್ರಾಂಚಿನ ಒಂದು ಪುಸ್ತಕ ತೆಗೆದು ಹಿಂದಿನ ಹಾಳೆ ತಿರುಗಿಸು. ಅಲ್ಲಿ ತಾರೀಕಿನ ಚೀಟಿ ಅಂಟಿಸಿದ್ದರೆ, ಕೊನೆಯ ಮುದ್ರೆ ಯಾವ ವರ್ಷದ್ದು ಅಂತ ನೋಡು. ಕಂಡದ್ದನ್ನೆಲ್ಲ ಆ ಸಂಜೆಯೇ ಬರೆದಿಡು. ಮೂರನೇ ಕಾಲೇಜು ನೋಡುವ ಹೊತ್ತಿಗೆ ಮೊದಲನೆಯದು ಕಲಸಿಹೋಗಿರುತ್ತೆ.

ಬುಧವಾರ ನನಗೇನೂ ಕೆಲಸವಿಲ್ಲ. ಎಂಟು ಗಂಟೆಯ ಬಸ್ಸಿಗೆ ಹೊರಟು ನಿಮ್ಮನೆಗೆ ಬರುತ್ತೇನೆ, ಇಬ್ಬರೂ ನವುಲೆಗೆ ಹೋಗೋಣ. ನಾನು ಗೇಟಿನ ಹತ್ತಿರ ನೆರಳಿನಲ್ಲಿ ಕೂತಿರುತ್ತೇನೆ. ಒಳಗೆ ನೀನೊಬ್ಬಳೇ ಹೋಗಿ ನೋಡಿ ಬಾ. ಎಷ್ಟು ಹೊತ್ತಾದರೂ ಕಾಯುತ್ತೇನೆ. ಅಜ್ಜಿ ಚಕ್ಕುಲಿ ಮಾಡಿಟ್ಟಿದ್ದಾಳೆ, ತರುತ್ತೇನೆ. ನೀನೊಂದು ನೋಟ್‌ಬುಕ್ಕು ತೆಗೆದಿಟ್ಟುಕೋ.

ನಿನ್ನ ಪ್ರೀತಿಯ
ಅಜ್ಜ