ಸಹೋದರ ಕಾಮೆಲರು ಕಳುಹಿಸಿದ ಪೊಟ್ಟಣಗಳು

ಬೆಳಗೆದ್ದು ನಾವು ಕುಡಿಯುವ ಚಹಾದ ಗಿಡಕ್ಕೆ ಸಸ್ಯಶಾಸ್ತ್ರಜ್ಞರು ಇಟ್ಟಿರುವ ಹೆಸರು 'ಕಮೆಲಿಯಾ ಸೈನೆನ್ಸಿಸ್'. ಈ ಹೆಸರಿನಲ್ಲಿ ಯೇಸುಸಭೆಯ ಒಬ್ಬ ಸಹೋದರರ ನೆನಪು ಅಡಗಿದೆ ಎಂದರೆ ಅನೇಕರಿಗೆ ಆಶ್ಚರ್ಯವಾದೀತು. ಅವರೇ ಗೆಯೋರ್ಗ್ ಯೋಸೆಫ್ ಕಾಮೆಲ್. ಅವರು ಗುರುಗಳಲ್ಲ, ಪ್ರಸಿದ್ಧ ಬೋಧಕರೂ ಅಲ್ಲ. ಔಷಧ ಅರೆದು, ಕುದಿಸಿ, ರೋಗಿಗಳಿಗೆ ಕೊಡುವುದೇ ಅವರ ಸೇವೆ.

ಕಾಮೆಲರು 1661ರಲ್ಲಿ, ಇಂದಿನ ಚೆಕ್ ದೇಶದ ಬ್ರನೋ ಪಟ್ಟಣದಲ್ಲಿ ಹುಟ್ಟಿದರು. 1682ರಲ್ಲಿ ಯೇಸುಸಭೆಗೆ ಸೇರಿ, 1688ರಲ್ಲಿ ಸ್ಪೇನ್ ದೇಶದ ಆಳ್ವಿಕೆಯಲ್ಲಿದ್ದ ಫಿಲಿಪ್ಪೀನ್ಸಿನ ಮನಿಲಾ ನಗರಕ್ಕೆ ಬಂದರು. ಅಲ್ಲಿ ಔಷಧಾಲಯ ನಡೆಸಿ ಬಡವರಿಗೆ ಉಚಿತವಾಗಿ ಔಷಧ ಕೊಟ್ಟರು. ಯುರೋಪಿನಿಂದ ಔಷಧ ತರಿಸುವುದು ಬಹುಕಾಲದ ಮಾತು. ಆದ್ದರಿಂದ ಸುತ್ತಲಿನ ಗಿಡಬಳ್ಳಿಗಳನ್ನೇ ಅಭ್ಯಾಸ ಮಾಡತೊಡಗಿದರು. ಯಾವ ಗಿಡ ಯಾವುದಕ್ಕೆ ಆಗುತ್ತದೆ ಎಂಬ ತಿಳಿವಳಿಕೆ ಮೊದಲು ಆ ದ್ವೀಪಗಳ ಜನರದು. ಅದಕ್ಕೇ ಕಾಮೆಲರು ತಮ್ಮ ಬರಹದಲ್ಲಿ ಗಿಡಗಳ ಸ್ಥಳೀಯ ಹೆಸರುಗಳನ್ನೂ ಬರೆದಿಟ್ಟರು.

ಮನಿಲಾದಿಂದ ಮದರಾಸಿಗೆ, ಮದರಾಸಿನಿಂದ ಲಂಡನ್ನಿಗೆ

ಆ ಕಾಲದಲ್ಲಿ ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಸ್ಯಾಮ್ಯುಯೆಲ್ ಬ್ರೌನ್ ಎಂಬ ಇಂಗ್ಲಿಷ್ ವೈದ್ಯರಿದ್ದರು. ಅವರ ನಂತರ ಎಡ್ವರ್ಡ್ ಬಲ್ಕ್‌ಲಿ ಎಂಬವರು ಅದೇ ಆಸಕ್ತಿಯನ್ನು ಮುಂದುವರಿಸಿದರು. ಇವರಿಬ್ಬರೂ ನಮ್ಮ ದಕ್ಷಿಣ ಭಾರತದ ಗಿಡಗಳನ್ನು ಒಣಗಿಸಿ ಲಂಡನ್ನಿನ ಔಷಧ ವ್ಯಾಪಾರಿ ಜೇಮ್ಸ್ ಪೆಟಿವರ್‌ಗೆ ಕಳುಹಿಸುತ್ತಿದ್ದರು. ಇವರ ಪರಿಚಯದಿಂದಲೇ ಕಾಮೆಲರಿಗೆ ಪೆಟಿವರ್ ಮತ್ತು ಪ್ರಸಿದ್ಧ ಸಸ್ಯಶಾಸ್ತ್ರಜ್ಞ ಜಾನ್ ರೇ ಅವರ ಸಂಪರ್ಕ ದೊರೆಯಿತು.

ಕಳುಹಿಸುವುದೇನೂ ಸುಲಭವಿರಲಿಲ್ಲ. ಎಲೆ ಹೂಗಳನ್ನು ಕಾಗದದ ನಡುವೆ ಒತ್ತಿ ಒಣಗಿಸಬೇಕು. ಕೆಲವು ಹುಳುಗಳನ್ನು ಸಾರಾಯಿಯಲ್ಲಿ ಮುಳುಗಿಸಿಡಬೇಕು. ಈ ಬಗ್ಗೆ ಪೆಟಿವರ್ ಸೂಚನೆಗಳನ್ನೇ ಅಚ್ಚು ಹಾಕಿಸಿ ಹಡಗಿನವರಿಗೆ ಹಂಚುತ್ತಿದ್ದರು. ತೇವ ತಗಲಿದರೆ ಹಡಗಿನಲ್ಲೇ ಎಲ್ಲ ಹಾಳು. ಕಾಮೆಲರ ಮೊದಲ ಕಟ್ಟು ಕಡಲುಗಳ್ಳರ ಕೈಸೇರಿತು. ಆದರೂ ಅವರು ಸುಮ್ಮನಾಗಲಿಲ್ಲ. ಗಿಡಗಳು, ಚಿತ್ರಗಳು, ವಿವರಣೆಗಳು, ಜೇಡ ಮತ್ತು ಜೀರುಂಡೆಗಳ ಕುರಿತ ಬರಹ - ಹೀಗೆ ಮತ್ತೆ ಮತ್ತೆ ಕಳುಹಿಸಿದರು. ನಮ್ಮ ಕಾಸರಕದ ಬಳಗಕ್ಕೆ ಸೇರಿದ 'ಸಂತ ಇಗ್ನಾಸಿಯವರ ಬೀಜ'ವನ್ನು ಕುರಿತ ಅವರ ವಿವರಣೆ 1699ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು.

ದ್ವೇಷದ ಕಾಲದಲ್ಲಿ ಸ್ನೇಹ

ಇಲ್ಲಿ ನಾವು ಒಂದು ಮಾತನ್ನು ಗಮನಿಸಬೇಕು. ಪೆಟಿವರ್ ಮತ್ತು ರೇ ಇಬ್ಬರೂ ಪ್ರೊಟೆಸ್ಟೆಂಟರು. ಆಗ ಇಂಗ್ಲೆಂಡಿನಲ್ಲಿ ಕಥೋಲಿಕರ ಸ್ಥಿತಿ ಬಹು ಕಷ್ಟದ್ದು. ಬಲಿಪೂಜೆ ಅರ್ಪಿಸಿದ ಗುರುವನ್ನು ಹಿಡಿದು ಕೊಟ್ಟು ಅಪರಾಧ ಸಾಬೀತುಪಡಿಸಿದವರಿಗೆ 100 ಪೌಂಡು ಬಹುಮಾನ ಕೊಡುವ ಕಾನೂನು 1700ರಲ್ಲಿ ಜಾರಿಗೆ ಬಂದಿತು. ಯೇಸುಸಭೆಯವರನ್ನು ಆ ಕಾನೂನು ಹೆಸರಿಸಿಯೇ ಹೇಳಿತ್ತು. ಅದೇ ಇಂಗ್ಲೆಂಡಿನಲ್ಲಿ, 1704ರಲ್ಲಿ, ಜಾನ್ ರೇ ತಮ್ಮ ಸಸ್ಯಚರಿತ್ರೆಯ ಮೂರನೆಯ ಸಂಪುಟದ ಕೊನೆಯಲ್ಲಿ ಲೂಸೋನ್ ದ್ವೀಪದ ಗಿಡಗಳನ್ನು ಕುರಿತ ಕಾಮೆಲರ ಬರಹವನ್ನು, ಅವರ ಹೆಸರಿನಲ್ಲೇ ಪ್ರಕಟಿಸಿದರು!

ಇವರಲ್ಲಿ ಯಾರೂ ತಮ್ಮ ವಿಶ್ವಾಸವನ್ನು ಬಿಟ್ಟುಕೊಡಲಿಲ್ಲ. ಕಾಮೆಲರು ಕೊನೆಯವರೆಗೂ ಯೇಸುಸಭೆಯ ಸಹೋದರರಾಗಿಯೇ ಉಳಿದರು. ರೇ ಅವರಾದರೋ ಮನಸ್ಸಾಕ್ಷಿಗೆ ಒಪ್ಪದ ಪ್ರಮಾಣ ಮಾಡಲಾರದೆ 1662ರಲ್ಲಿ ಕೇಂಬ್ರಿಜ್‌ನ ಹುದ್ದೆಯನ್ನೇ ತೊರೆದಿದ್ದವರು; ಸೃಷ್ಟಿಯಲ್ಲಿ ಕಾಣುವ ದೇವರ ಜ್ಞಾನವನ್ನು ಕುರಿತು 1691ರಲ್ಲಿ ಒಂದು ಪುಸ್ತಕವನ್ನೇ ಬರೆದವರು. ಅವರನ್ನು ಒಂದುಗೂಡಿಸಿದ್ದು ಸೃಷ್ಟಿಕರ್ತನ ಕೈಕೆಲಸದ ಮೇಲಿನ ಪ್ರೀತಿ. ಕಥೋಲಿಕರ ತೋಟಕ್ಕೊಂದು ಮಳೆ, ಪ್ರೊಟೆಸ್ಟೆಂಟರ ತೋಟಕ್ಕೊಂದು ಮಳೆ ಎಂದು ದೇವರು ಸುರಿಸುವುದಿಲ್ಲವಲ್ಲ!

ರೇ 1705ರಲ್ಲಿ, ಕಾಮೆಲ್ 1706ರಲ್ಲಿ ತೀರಿಕೊಂಡರು. ಅವರಿಬ್ಬರೂ ಒಮ್ಮೆಯೂ ಮುಖಾಮುಖಿಯಾಗಲಿಲ್ಲ. ಮುಂದೆ ಸ್ವೀಡನ್ನಿನ ಲಿನೇಯಸ್ ಒಂದು ಗಿಡದ ಕುಲಕ್ಕೆ ಕಾಮೆಲರ ನೆನಪಿಗಾಗಿ 'ಕಮೆಲಿಯಾ' ಎಂದು ಹೆಸರಿಟ್ಟರು. ಆತ ಲುಥೆರನ್ ಪಾಲಕರೊಬ್ಬರ ಮಗ. ಚಹಾ ಗಿಡವನ್ನು ಆ ಕುಲಕ್ಕೆ ಸೇರಿಸಿದ್ದು ನಂತರದ ಕಾಲದಲ್ಲಿ.

ನಮಗೇನು ಪಾಠ?

ತಲಾಂತುಗಳ ಸಾಮತಿಯಲ್ಲಿ ಒಬ್ಬ ಸೇವಕ ಯಜಮಾನನ ಹಣವನ್ನು ಮಣ್ಣಿನಲ್ಲಿ ಹೂತಿಟ್ಟ. ಕಾಮೆಲರು ತಮಗೆ ತಿಳಿದದ್ದನ್ನು ಹೂತಿಡಲಿಲ್ಲ. ಹೆಸರು ಬಂದೀತೋ ಇಲ್ಲವೋ, ಪೊಟ್ಟಣ ತಲುಪೀತೋ ಇಲ್ಲವೋ, ಕೊಡುವುದನ್ನು ನಿಲ್ಲಿಸಲಿಲ್ಲ. ಪಡೆಯುವವರು ಯಾವ ಸಭೆಯವರೆಂದು ನೋಡಿ ಕೈ ಬಿಗಿಹಿಡಿಯಲಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕ್ರೈಸ್ತರ ಐಕ್ಯತೆಯ ಕುರಿತು ಆದೇಶ ಹೊರಡಿಸಿ, ಇತರ ಕ್ರೈಸ್ತರೊಡನೆ ಸಹಕರಿಸಲು ನಮ್ಮನ್ನು ಕರೆಯಿತು. ಅದಕ್ಕೂ ಎರಡೂವರೆ ಶತಮಾನ ಮೊದಲೇ ಒಬ್ಬ ಸರಳ ಸಹೋದರರು ಒಣಗಿದ ಎಲೆಗಳ ಕಟ್ಟಿನಿಂದ ಆ ದಾರಿಯಲ್ಲಿ ನಡೆದು ತೋರಿಸಿದ್ದರು.

ಮನೆಯವರೆಲ್ಲ ಕೂಡಿ ಚಿಂತಿಸಿ:

1. ನಮಗೆ ಗೊತ್ತಿರುವ ಯಾವ ವಿದ್ಯೆಯನ್ನು ನಾವು ಇತರರಿಗೆ ಹೇಳಿಕೊಡದೆ ಇಟ್ಟುಕೊಂಡಿದ್ದೇವೆ?

2. ಬೇರೆ ಸಭೆಗೆ ಸೇರಿದ ನೆರೆಯವರ ಅಥವಾ ಬೀಗರ ಬಗ್ಗೆ ಮಕ್ಕಳೆದುರು ನಾವು ಆಡುವ ಮಾತು ಎಂಥದು?

3. ಈ ವಾರ ಅವರೊಡನೆ ಕೂಡಿ ಮಾಡಬಹುದಾದ ಒಂದು ಒಳ್ಳೆಯ ಕೆಲಸ ಯಾವುದು?